ಖಾಲಿ ಮಾದರಿಯಲ್ಲಿ ಒಂದು ಗುಡ್ಡ

ಮನುಷ್ಯನಿಗೆ ಯಾವುದರ ಮೇಲೆ ಹೆಮ್ಮೆ ಹುಟ್ಟುತ್ತದೆಂದು ಹೇಳಲಾಗದು. ಒಬ್ಬನಿಗೆ ಮೀಸೆ, ಒಬ್ಬನಿಗೆ ಕೈಬರಹ, ಮತ್ತೊಬ್ಬನಿಗೆ ಅಳಿಯನ ಕೆಲಸ. ನಮ್ಮ ಪ್ರಯೋಗಾಲಯದ ಹಿರಿಯ ವಿಶ್ಲೇಷಕರಿಗೆ ಹೆಮ್ಮೆಯಿದ್ದದ್ದು ತಮ್ಮ ಮೂತ್ರದ ಮೇಲೆ.

ಇದರಲ್ಲಿ ನಗುವಂಥದ್ದೇನೂ ಇಲ್ಲ. ಯಾರ ಮೈಯಲ್ಲಿ ಯಾವ ಔಷಧ, ಯಾವ ಅಮಲು ಸೇರಿದೆ ಎಂದು ಹೇಳುವುದು ನಮ್ಮ ಕೆಲಸ. ಒಬ್ಬರ ಮಾದರಿಯಲ್ಲಿ ನಿದ್ದೆ ಮಾತ್ರೆಯ ಅಂಶ ಇದೆ ಎನ್ನಬೇಕಾದರೆ, ಅದು ಇಲ್ಲವೇ ಇಲ್ಲ ಎಂದು ಖಚಿತವಾಗಿ ಗೊತ್ತಿರುವ ಇನ್ನೊಂದು ಮಾದರಿ ಪಕ್ಕದಲ್ಲಿರಬೇಕು. ಅದಕ್ಕೆ ಖಾಲಿ ಮಾದರಿ ಎನ್ನುತ್ತೇವೆ. ಹನ್ನೊಂದು ವರ್ಷಗಳಿಂದ ಅದನ್ನು ಒದಗಿಸುತ್ತಿದ್ದವರು ಈ ಹಿರಿಯರೇ. ಕಾಫಿ ಮುಟ್ಟರು, ಚಹಾ ಮುಟ್ಟರು, ತಲೆನೋವು ಬಂದರೆ ಹಣೆಗೊಂದು ಒದ್ದೆ ಬಟ್ಟೆ, ಅಷ್ಟೇ. ಪ್ರತಿ ಸೋಮವಾರ ಬೆಳಗ್ಗೆ ಒಂದು ಖಾಲಿ ಬಾಟಲಿ ಹಿಡಿದು ಮೊಗಸಾಲೆಯ ಉದ್ದಕ್ಕೂ ನಡೆದು ಹೋಗುತ್ತಿದ್ದರು, ತುಂಬಿದ ಬಾಟಲಿ ಹಿಡಿದು ಬರುತ್ತಿದ್ದರು. ಹೋಗುವಾಗಲೂ ಬರುವಾಗಲೂ ಮುಖದಲ್ಲಿ ಒಂದೇ ಗಾಂಭೀರ್ಯ. ನಾವೆಲ್ಲ ಗೋಡೆಗೆ ಸರಿದು ದಾರಿ ಬಿಡುತ್ತಿದ್ದೆವು. ಅವರಿಗೆ ಪರಿಶುದ್ಧಪ್ಪ ಎಂಬ ಹೆಸರು ಬಿದ್ದದ್ದು ಹೀಗೆ. ಹೆಸರಿಟ್ಟವರು ತಮಾಷೆಗೆ ಇಟ್ಟಿದ್ದರು, ಅವರು ಬಿರುದೆಂದು ಸ್ವೀಕರಿಸಿದರು.

ಯಂತ್ರದ ಬಗ್ಗೆಯೂ ಎರಡು ಮಾತು ಹೇಳಬೇಕು. ಅದರೊಳಗೆ ಒಂದು ಪಂಪು ದ್ರವವನ್ನು ಒತ್ತಿ ಹರಿಸುತ್ತಿರುತ್ತದೆ. ಒಂದು ಸೂಜಿ, ಪರೀಕ್ಷಿಸಬೇಕಾದ ಮಾದರಿಯ ಹನಿಯನ್ನು ಆ ಹರಿವಿನೊಳಗೆ ಬಿಡುತ್ತದೆ. ಮುಂದೆ ಕಾಲಂ ಎಂಬ ಗೇಣುದ್ದದ ಉಕ್ಕಿನ ನಳಿಗೆ, ಹನಿಯಲ್ಲಿ ಕಲೆತು ಬಂದವರನ್ನು ಬಿಡಿಸಿ, ಒಬ್ಬೊಬ್ಬರನ್ನೇ ಅವರವರ ಹೊತ್ತಿಗೆ ಆಚೆ ಕಳಿಸುತ್ತದೆ. ಬಾಗಿಲಲ್ಲಿ ಕೂತ ತೂಕದ ಯಂತ್ರ ಒಬ್ಬೊಬ್ಬರನ್ನೂ ತೂಗಿ ಗುರುತು ಹಿಡಿಯುತ್ತದೆ. ಪರದೆಯ ಮೇಲೆ ಒಂದು ಗೆರೆ ನೆಟ್ಟಗೆ ಓಡುತ್ತಿರುತ್ತದೆ. ನಿದ್ದೆ ಮಾತ್ರೆ ಬಂದರೆ ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಸರಿಯಾಗಿ ಗೆರೆಯಲ್ಲಿ ಗುಡ್ಡ ಏಳುತ್ತದೆ. ಗುಡ್ಡ ಎದ್ದರೆ ಆ ಮನುಷ್ಯನ ಕಥೆ ಮುಗಿಯಿತು.

ಆ ಸೋಮವಾರ ಗುಡ್ಡ ಎದ್ದದ್ದು ಒಬ್ಬ ಬಸ್ ಡ್ರೈವರಿನ ಮಾದರಿಯಲ್ಲಿ. ಇಪ್ಪತ್ತೆರಡು ವರ್ಷ ಒಂದು ಗೀರೂ ಇಲ್ಲದೆ ಬಸ್ ಓಡಿಸಿದ್ದ ಆತ, ಹಿಂದಿನ ವಾರ ಡಿಪೋದ ಗೇಟಿಗೆ ಬಸ್ಸಿನ ಮೂತಿ ತಾಗಿಸಿದ್ದ. ಮೊಮ್ಮಗುವಿನ ಹೊಟ್ಟೆನೋವಿನಿಂದ ಮನೆಯಲ್ಲಿ ಮೂರು ದಿನದಿಂದ ಯಾರಿಗೂ ನಿದ್ದೆಯಿರಲಿಲ್ಲ, ಕಣ್ಣು ಒಂದು ಕ್ಷಣ ಮಂಜಾಯಿತು ಎಂದು ಹೇಳಿಕೊಂಡಿದ್ದ. ಸಾರಿಗೆ ಕಚೇರಿಯ ಸುರಕ್ಷತಾ ಅಧಿಕಾರಿಗೆ ಮೊಮ್ಮಕ್ಕಳ ಹೊಟ್ಟೆನೋವಿನಲ್ಲಿ ನಂಬಿಕೆಯಿರಲಿಲ್ಲ. ಮಾದರಿ ನಮ್ಮಲ್ಲಿಗೆ ಬಂತು. ಪರಿಶುದ್ಧಪ್ಪನವರು ಕ್ರಮ ತಪ್ಪದೆ ಮೊದಲು ಮಾತ್ರೆಯನ್ನು ಬೇಕೆಂದೇ ಕಲಸಿದ ಗಟ್ಟಿ ದ್ರಾವಣ, ಆಮೇಲೆ ತಮ್ಮ ಖಾಲಿ ಮಾದರಿ, ಆಮೇಲೆ ಡ್ರೈವರಿನದು ಓಡಿಸಿದರು. ‘ಅಲ್ಪ ಪ್ರಮಾಣದಲ್ಲಿ ಪತ್ತೆ’ ಎಂದು ಬರೆದರು. ಖಾಲಿ ಮಾದರಿಯ ಎದುರು ‘ನಿರ್ಮಲ’ ಎಂದು ಬರೆದರು. ಮೇಡಂ ಸಹಿಗೂ ಕಾಯದೆ ವರದಿಯ ಪ್ರತಿ ಸಾರಿಗೆ ಕಚೇರಿಗೆ ಹೋಗಿ, ಸಂಜೆಯೊಳಗೆ ಡ್ರೈವರನ್ನು ಡ್ಯೂಟಿಯಿಂದ ಇಳಿಸಲಾಯಿತು. ಗುರುವಾರ ಮಧ್ಯಾಹ್ನ ಮೂರಕ್ಕೆ ವಿಚಾರಣೆ, ಅಲ್ಲಿ ಕೆಲಸ ಉಳಿಯಬೇಕು ಇಲ್ಲವೇ ಹೋಗಬೇಕು.

ಮಂಗಳವಾರ ಬೆಳಗ್ಗೆ ನಮ್ಮ ಮುಖ್ಯಸ್ಥೆ ಮೇಡಂ ಪ್ರಯೋಗಾಲಯಕ್ಕೇ ಬಂದು ಕಾಗದಗಳ ಮೇಲೆ ಸಹಿ ಹಾಕಲು ಕೂತರು. ಅವರು ಓದಿದ್ದು ಸಸ್ಯಶಾಸ್ತ್ರ. ಯಂತ್ರದ ಮೇಲೆ ಅವರಿಗಿದ್ದದ್ದು ದೂರದ ಗೌರವ. ಆದರೆ ಸಹಿ ಹಾಕುವ ಮೊದಲು ಪ್ರತಿ ಹಾಳೆಯನ್ನೂ ತಿರುಗಿಸಿ ನೋಡುವ ಅಭ್ಯಾಸ ಅವರಿಗಿತ್ತು.

“ಪರಿಶುದ್ಧಪ್ಪನವ್ರೇ, ಖಾಲಿ ಮಾದರಿ ಅಂದ್ರೆ ಗೆರೆ ನೆಟ್ಟಗಿರ್ಬೇಕಲ್ವಾ?”

“ನೂಲು ಹಿಡಿದ ಹಾಗೆ ನೆಟ್ಟಗಿರುತ್ತೆ ಮೇಡಂ.”

“ಇದ್ಯಾಕೆ ಗುಡ್ಡ ಇದೆ?”

“ಅದು ಡ್ರೈವರ್‌ದು ಮೇಡಂ. ಹಾಳೆ ಅದಲುಬದಲಾಗಿದೆ.”

“ಡ್ರೈವರ್‌ದು ಇಲ್ಲಿದೆ. ಅವನದು ಚಿಕ್ಕ ಗುಡ್ಡ. ನಿಮ್ಮದೇ ದೊಡ್ಡದು.”

ಪಕ್ಕದ ಮೇಜಿನಲ್ಲಿದ್ದ ನಾನು ಪಿಪೆಟ್ಟನ್ನು ಕೆಳಗಿಟ್ಟೆ. ಹನ್ನೊಂದು ವರ್ಷಗಳಲ್ಲಿ ಪರಿಶುದ್ಧಪ್ಪನವರು ತಮ್ಮ ಹಾಳೆಯನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ ಎಂಬುದು ಹೊರಬಿದ್ದದ್ದು ಆಗ. ತನ್ನದನ್ನು ತಾನೇ ನೋಡುವುದೇನಿದೆ? ‘ನಿರ್ಮಲ’ ಎಂಬ ಮಾತನ್ನು ಅವರು ಹಿಂದಿನ ರಾತ್ರಿಯೇ ಬರೆದಿಟ್ಟುಕೊಂಡು ಬರುತ್ತಿದ್ದರೇನೋ.

“ಮೇಡಂ, ನಾನು ಜೀವನದಲ್ಲಿ ಒಂದು ಮಾತ್ರೆ ನುಂಗಿದವನಲ್ಲ.”

“ನಾನು ಏನಾದ್ರೂ ಅಂದ್ನಾ?” ಎಂದರು ಮೇಡಂ ತುಂಬ ಮೃದುವಾಗಿ. ಆ ಮೃದುತನವೇ ಮುಂದಿನ ಅನಾಹುತಕ್ಕೆಲ್ಲ ಮೂಲ. ಅವರು ಕನಿಕರದಿಂದ ಪರಿಶುದ್ಧಪ್ಪನವರ ಮನೆಗೆ ಒಂದು ಫೋನ್ ಮಾಡಿದರು.

ಖಾಲಿ ಬಾಟಲಿಯಲ್ಲಿ ಶುದ್ಧ ನೀರು ತುಂಬಿ ಓಡಿಸಿದ್ದರೆ ತಪ್ಪು ಮನುಷ್ಯನದೋ ಯಂತ್ರದ್ದೋ ಎಂದು ಇಪ್ಪತ್ತು ನಿಮಿಷದಲ್ಲಿ ತಿಳಿಯುತ್ತಿತ್ತು. ಕಾಲೇಜಿನ ಎರಡನೇ ವರ್ಷದಲ್ಲಿ ಕಲಿಸುವ ಪಾಠ ಅದು. ಆದರೆ ಹನ್ನೊಂದು ವರ್ಷ ತಾನೇ ನೀರಿನ ಜಾಗದಲ್ಲಿ ನಿಂತಿದ್ದವರಿಗೆ ನೀರಿನ ನೆನಪಾಗಲಿಲ್ಲ. ಅವಮಾನವಾದಾಗ ನಾವೆಲ್ಲ ಮಾಡುವುದನ್ನೇ ಅವರೂ ಮಾಡಿದರು, ಕಂಡದ್ದನ್ನೆಲ್ಲ ಕಿತ್ತರು. ಸೂಜಿ ಬದಲಾಯಿತು. ಸೂಜಿ ತೊಳೆಯುವ ದ್ರವದ ಬಾಟಲಿ ಬದಲಾಯಿತು. ಸೋಸುವ ಬಿಲ್ಲೆ, ಕಾಲಂ, ಕಾಲಂಗೆ ಹೋಗುವ ಕೂದಲೆಳೆಯಂಥ ಉಕ್ಕಿನ ಕೊಳವೆ, ಎಲ್ಲ ಬದಲಾದವು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ಗೋಡೆಗೆ ಬರೆದು ಅಂಟಿಸಿದ್ದವರೂ ಅವರೇ. ಐದು ಹಳೆಯ ಭಾಗಗಳು ಒಂದು ಟ್ರೇನಲ್ಲಿ ಹೆಸರಿಲ್ಲದೆ ಬಿದ್ದವು.

ಮತ್ತೆ ಓಡಿಸಲು ಈಗ ಹೊಸ ಖಾಲಿ ಮಾದರಿ ಬೇಕಾಯಿತು. ಸಂಶಯದಲ್ಲಿರುವವರದು ಬೇಡವೆಂದು ಮೇಡಂ ಎಲ್ಲರನ್ನೂ ಕರೆದರು.

“ಯಾವ ಔಷಧನೂ ತಗೊಳ್ಳದೇ ಇರೋರು ಒಬ್ರು ಮುಂದೆ ಬನ್ನಿ.”

ಒಂಬತ್ತು ಜನ ನೆಲ ನೋಡಿದೆವು.

“ನಂಗೆ ಕೆಮ್ಮಿನ ಸಿರಪ್ಪು ನಡೀತಾ ಇದೆ,” ಎಂದರು ಉಗ್ರಾಣದವರು.

“ನಿಮಗೆ ಕೆಮ್ಮೇ ಇಲ್ವಲ್ಲ!”

“ಅದಕ್ಕೇ ಮೇಡಂ. ಸಿರಪ್ಪು ಕೆಲಸ ಮಾಡ್ತಾ ಇದೆ.”

ಟೈಪಿಸ್ಟಮ್ಮ ತನಗೆ ಬರುವ ಕೆಲವು ಕನಸುಗಳ ವಿಷಯವನ್ನು ಮೇಡಂ ಹತ್ತಿರ ಪ್ರತ್ಯೇಕವಾಗಿ ಹೇಳುವೆನೆಂದರು. ಕಾವಲುಗಾರ ತನ್ನ ಪಾಳಿ ಇನ್ನೂ ಶುರುವಾಗಿಲ್ಲ ಎಂದ. ನಾನೂ ಸಕಾರಣವಾಗಿಯೇ ಹಿಂದೆ ಸರಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರು ಎನ್ನುತ್ತಾರಲ್ಲ, ಅಂದು ನಮ್ಮ ಕಚೇರಿಯಲ್ಲಿ ಮುಟ್ಟಿಕೊಳ್ಳದ ಹೆಗಲು ಒಂದೂ ಉಳಿದಿರಲಿಲ್ಲ. ಕೊನೆಗೆ ಮೇಡಂ ಬೇಸತ್ತು, “ಹಾಗಾದ್ರೆ ನೀರೇ ಹಾಕ್ರಿ!” ಎಂದರು. ಸಸ್ಯಶಾಸ್ತ್ರ ಓದಿದವರಿಗೆ ನೀರು ಬೇಗ ಹೊಳೆಯುತ್ತದೆ.

ಅಷ್ಟರಲ್ಲಿ ಪರಿಶುದ್ಧಪ್ಪನವರ ಮನೆಯಲ್ಲಿ ಫೋನು ತನ್ನ ಕೆಲಸ ಮಾಡಿತ್ತು. ಮುಂದಿನದು ಅವರೇ ನನಗೆ ಹೇಳಿದ್ದು.

ಸಂಜೆ ಅವರು ಚಪ್ಪಲಿ ಬಿಡುವ ಮೊದಲೇ ಹೆಂಡತಿ ಬಾಗಿಲಲ್ಲಿ ನಿಂತಿದ್ದರು.

“ನಿಮ್ಮ ಮೇಡಂ ಫೋನ್ ಮಾಡಿದ್ರು. ನಿಮ್ಮನೆಯವ್ರು ಚೆನ್ನಾಗಿ ನಿದ್ದೆ ಮಾಡ್ತಾರಾ ಅಂತ ಕೇಳಿದ್ರು. ಅಲ್ರೀ, ಅವರಿಗ್ಯಾಕೆ ನಿಮ್ಮ ನಿದ್ದೆ?”

“ಅದು ನನ್ನ ಖಾಲಿ ಮಾದರೀಲಿ...”

“ನಿದ್ದೆ ಮಾತ್ರೆ ಸಿಕ್ತಂತೆ. ಹೇಳಿದ್ರು. ಗದರಿಸ್ಬೇಡಿ, ಪ್ರೀತಿಯಿಂದ ನೋಡ್ಕೊಳ್ಳಿ ಅಂದ್ರು. ಇಪ್ಪತ್ತಾರು ವರ್ಷ ನಾನೇನು ದ್ವೇಷದಿಂದ ನೋಡ್ಕೊಂಡ್ನಾ?”

ಒಳಗಿನ ಕೋಣೆಯಿಂದ ಮಾವನವರು ಕೋಲೂರಿಕೊಂಡು ಬಂದರು. ಅವರಿಗೆ ಎಂಬತ್ತೊಂದು. ವೈದ್ಯರ ಚೀಟಿಯ ಮೇಲೆ ದಿನಕ್ಕೊಂದು ನಿದ್ದೆ ಮಾತ್ರೆ ತೆಗೆದುಕೊಳ್ಳುವ ಅಧಿಕಾರ ಆ ಮನೆಯಲ್ಲಿ ಅವರೊಬ್ಬರಿಗೇ ಇತ್ತು.

“ಅಳಿಯಂದ್ರೇ, ನನ್ನ ಮಾತ್ರೆ ಪಟ್ಟಿಯಲ್ಲಿ ಒಂದು ಕಮ್ಮಿ ಇದೆ. ಬಾಯಿ ಬಿಟ್ಟು ಕೇಳಿದ್ರೆ ನಾನು ಕೊಡ್ತಿರ್ಲಿಲ್ವೇ?”

“ನೀವೇ ಮಧ್ಯಾಹ್ನ ಒಂದು ತಗೊಂಡಿರ್ತೀರಿ ಮಾವ. ಮರೆತಿರ್ತೀರಿ.”

“ನೋಡಿದ್ಯಾ ಮಗಳೇ,” ಎಂದರು ಮಾವ ವಿಷಾದದಿಂದ. “ಮೊದಲು ಮಾತ್ರೆ ಹೋಯ್ತು, ಈಗ ನನ್ನ ನೆನಪಿನ ಶಕ್ತಿಗೆ ಕೈ ಹಾಕ್ತಿದಾರೆ.”

ಹೆಂಡತಿ ಎದುರುಮನೆಯ ನರ್ಸಮ್ಮನನ್ನು ಕರೆತಂದರು. ನಿವೃತ್ತಿಯಾಗಿ ಆರು ವರ್ಷ ಕಳೆದರೂ ಆಕೆಯ ಕೈಚೀಲದಲ್ಲಿ ಟಾರ್ಚು ಇದ್ದೇ ಇರುತ್ತಿತ್ತು. ಪರಿಶುದ್ಧಪ್ಪನವರನ್ನು ಕುರ್ಚಿಯಲ್ಲಿ ಕೂರಿಸಿ, ಕೆಳಗಣ್ಣಿನ ರೆಪ್ಪೆ ಎಳೆದು, ಬೆಳಕು ಬಿಟ್ಟರು.

“ಎಷ್ಟು ದಿನದಿಂದ ನಡೀತಿದೆ ಅಣ್ಣಾ?”

“ಏನೂ ನಡೀತಿಲ್ಲಮ್ಮ.”

“ಎಲ್ರೂ ಮೊದಲು ಹೀಗೇ ಅನ್ನೋದು,” ಎಂದು ನರ್ಸಮ್ಮ ಹೆಂಡತಿಯ ಕಡೆ ತಿರುಗಿದರು. “ಕೋಪ ಬರುತ್ತಾ?”

“ನನಗೆ ಯಾವ ಕೋಪವೂ ಬರಲ್ಲ!” ಎಂದು ಪರಿಶುದ್ಧಪ್ಪನವರು ಕೂಗಿದರು.

“ಬರುತ್ತೆ,” ಎಂದು ನರ್ಸಮ್ಮ ಟಾರ್ಚು ಆರಿಸಿದರು. ಮರುದಿನ ಬೆಳಗಾಗುವುದರೊಳಗೆ ಆ ಕಟ್ಟಡದ ಹನ್ನೆರಡು ಮನೆಗಳಲ್ಲಿ ಪರಿಶುದ್ಧಪ್ಪನವರ ಬಗ್ಗೆ ಅಪಾರ ಸಹಾನುಭೂತಿ ಹುಟ್ಟಿತ್ತು. ಮೂರನೇ ಮಹಡಿಯವರು ಮೆಟ್ಟಿಲಲ್ಲಿ ಅವರ ತೋಳು ಹಿಡಿದು ಇಳಿಸಿದರು.

ಬುಧವಾರ ನೀರು ಓಡಿಸಿದರು, ಗೆರೆ ನೆಟ್ಟಗೆ. ಡ್ರೈವರಿನ ಉಳಿದ ಮಾದರಿ ಓಡಿಸಿದರು, ನೆಟ್ಟಗೆ. ಪರಿಶುದ್ಧಪ್ಪನವರ ಬಾಟಲಿ ಓಡಿಸಿದರು, ಅದೂ ನೆಟ್ಟಗೆ. ಅವರು ಆ ಮೂರು ಹಾಳೆಗಳನ್ನು ಎದೆಗೊತ್ತಿಕೊಂಡು ಮೇಡಂ ಕೋಣೆಗೆ ಹೋದರು. ಸುರಕ್ಷತಾ ಅಧಿಕಾರಿ ಅಲ್ಲಿಯೇ ಕೂತಿದ್ದರು. ಯಾವ ಕಾಗದವನ್ನಾದರೂ ಎರಡು ಸಲ ಓದುವ, ಎರಡನೇ ಸಲ ಓದುವಾಗ ತುಟಿ ಅಲುಗಿಸುವ ಮನುಷ್ಯ ಅವರು.

“ಸೋಮವಾರ ಇದೆ ಅಂದ್ರಿ. ಬುಧವಾರ ಇಲ್ಲ ಅಂತೀರಿ. ಮೆಷಿನ್ನು ಸುಳ್ಳು ಹೇಳಿದ್ದು ಯಾವತ್ತು?”

“ಸೋಮವಾರ ಸಾರ್. ಈಗ ರಿಪೇರಿ ಆಗಿದೆ.”

“ಏನು ಕೆಟ್ಟಿತ್ತು?”

ಪರಿಶುದ್ಧಪ್ಪನವರು ಕೈಯಲ್ಲಿದ್ದ ಹಾಳೆಗಳನ್ನು ತಿರುವಿದರು. ಐದನ್ನೂ ಒಟ್ಟಿಗೆ ಬದಲಿಸಿದ್ದರು, ಕೆಟ್ಟದ್ದು ಯಾವುದೆಂದು ಈಗ ದೇವರಿಗೇ ಗೊತ್ತು.

“ಏನು ಕೆಟ್ಟಿತ್ತು ಅಂತ ಗೊತ್ತಿಲ್ಲ, ಆದ್ರೆ ಸರಿಹೋಯ್ತು ಅಂತ ಗೊತ್ತು. ಹಾಗೇನ್ರೀ? ಮೂರು ದಿನ ಇಟ್ಟಿದ್ದಕ್ಕೆ ಡ್ರೈವರ್ ಮಾದರಿಯಲ್ಲಿದ್ದ ಮಾತ್ರೆ ತಾನಾಗೇ ಕರಗಿಹೋಗಿರಬಾರ್ದೇಕೆ? ಅಥವಾ,” ಅಧಿಕಾರಿ ಕಡತ ತಿರುಗಿಸಿ ಕನ್ನಡಕದ ಮೇಲಿನಿಂದ ನೋಡಿದರು, “ಪರೀಕ್ಷೆ ಮಾಡೋರೇ ಮಾತ್ರೆ ತಗೊಳ್ತಿದ್ರೆ? ಅದನ್ನೂ ಕೇಳ್ಪಟ್ಟೆ.”

ಸಹಾನುಭೂತಿ ಹನ್ನೆರಡು ಮನೆ ದಾಟಿ ಸಾರಿಗೆ ಕಚೇರಿ ತಲುಪಿತ್ತು.

“ಕಾರಣ ತೋರ್ಸಿ, ಸೋಮವಾರದ ವರದಿ ಹರಿದು ಹಾಕ್ತೀನಿ. ತೋರ್ಸದಿದ್ರೆ ಅದೇ ವರದಿ ವಿಚಾರಣೆಗೆ ಹೋಗುತ್ತೆ. ನಾಳೆ ಬೆಳಗ್ಗೆ ಬಂದು ಕೂತ್ಕೊಳ್ತೀನಿ. ಎರಡೂವರೆಗೆ ಹೊರಡ್ತೀನಿ.”

ಹೀಗೆ ವಿಜ್ಞಾನದ ಇತಿಹಾಸದಲ್ಲಿ ಅಪರೂಪವಾದ ಒಂದು ಪ್ರಯತ್ನ ಗುರುವಾರ ಶುರುವಾಯಿತು. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಮತ್ತೆ ಕೆಡಿಸಬೇಕು, ಅದೂ ಮೊನ್ನೆ ಕೆಟ್ಟಿದ್ದ ಹಾಗೆಯೇ ಕೆಡಿಸಬೇಕು. ಹಳೆಯ ಭಾಗಗಳನ್ನು ಒಂದೊಂದಾಗಿ ವಾಪಸ್ ಹಾಕುವುದು, ಗಟ್ಟಿ ದ್ರಾವಣ ಓಡಿಸುವುದು, ಹಿಂದೆಯೇ ನೀರು ಓಡಿಸುವುದು. ನೀರಿನಲ್ಲಿ ಗುಡ್ಡ ಎದ್ದರೆ ಆ ಭಾಗವೇ ಕಳ್ಳ. ಒಂದೊಂದು ಸರದಿಗೆ ನಲವತ್ತು ನಿಮಿಷ.

ಡ್ರೈವರೂ ಬಂದಿದ್ದ. ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು, ಡ್ಯೂಟಿಯಲ್ಲಿಲ್ಲದವನು ಖಾಕಿ ಹಾಕಬಹುದೋ ಬಾರದೋ ಎಂಬ ಸಂಶಯದಲ್ಲಿ ಮೇಲೊಂದು ಶಾಲು ಹೊದ್ದು, ಸ್ಟೂಲಿನ ತುದಿಯಲ್ಲಿ ಕೂತಿದ್ದ.

ಮೊದಲು ಹಳೆಯ ಸೂಜಿ. ನೀರಿನ ಗೆರೆ ನಾಲ್ಕು ನಿಮಿಷ ದಾಟಿತು. ಹತ್ತು ಸೆಕೆಂಡು ದಾಟಿತು. ನೆಟ್ಟಗೆ.

“ಚೆನ್ನಾಗಿ ಬಂತಲ್ಲ ಸಾರ್?” ಎಂದ ಡ್ರೈವರ್ ಆಸೆಯಿಂದ.

“ಚೆನ್ನಾಗಿ ಬಂದ್ರೆ ನಿಮಗೆ ಕೆಟ್ಟದ್ದು,” ಎಂದರು ಪರಿಶುದ್ಧಪ್ಪನವರು.

“ಓ! ಕೆಟ್ಟದ್ದು ಬಂದ್ರೆ ಒಳ್ಳೇದಾ?”

“ಹೌದು.”

ಡ್ರೈವರ್ ತಲೆಯಾಡಿಸಿದ. “ನಮ್ಮ ಡಿಪೋದಲ್ಲೂ ಹಾಗೇ ಸಾರ್,” ಎಂದ.

ತೊಳೆಯುವ ದ್ರವದ ಹಳೆಯ ಬಾಟಲಿ, ನೆಟ್ಟಗೆ. ಸೋಸುವ ಬಿಲ್ಲೆ, ನೆಟ್ಟಗೆ. ಒಂದೊಂದು ಸಲ ಗೆರೆ ನೆಟ್ಟಗೆ ಬಂದಾಗಲೂ ಡ್ರೈವರಿನ ಬೆನ್ನು ಅಷ್ಟಷ್ಟು ಬಾಗುತ್ತ ಹೋಯಿತು. ನಾವು ಒಬ್ಬೊಬ್ಬರೇ ನಮ್ಮ ಕೆಲಸ ಬಿಟ್ಟು ಹಿಂದೆ ಬಂದು ನಿಂತಿದ್ದೆವು. ಕಾಲಂ ಹಾಕುವಾಗ ಎಲ್ಲರಿಗೂ ಭರವಸೆಯಿತ್ತು, ಯಾಕೆಂದರೆ ಏನು ಕೆಟ್ಟರೂ ಕಾಲಂ ಮೇಲೆ ಹೊರಿಸುವುದು ನಮ್ಮ ವೃತ್ತಿಯ ಸಂಪ್ರದಾಯ. ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಉಗ್ರಾಣದವರು ಕಣ್ಣು ಮುಚ್ಚಿದರು. ನೆಟ್ಟಗೆ.

ಗಡಿಯಾರದಲ್ಲಿ ಒಂದು ನಲವತ್ತು. ಅಧಿಕಾರಿ ಕಡತ ಕಟ್ಟತೊಡಗಿದರು.

“ಇನ್ನೊಂದು ಉಳಿದಿದೆಯಲ್ಲ,” ಎಂದರು ಮೇಡಂ ಟ್ರೇ ಕಡೆ ನೋಡಿ. ಅಲ್ಲಿ ಆ ಉಕ್ಕಿನ ಕೊಳವೆ, ತುದಿಯ ನಟ್ಟಿನ ಸಮೇತ ಸುರುಳಿ ಸುತ್ತಿಕೊಂಡು ಬಿದ್ದಿತ್ತು.

“ಅದು ಬೇಕಾಗಿಲ್ಲ ಮೇಡಂ,” ಎಂದರು ಪರಿಶುದ್ಧಪ್ಪನವರು. “ಅದನ್ನ ಹೋದ ಶುಕ್ರವಾರ ನಾನೇ ನನ್ನ ಕೈಯಾರೆ ಬಿಗಿದದ್ದು. ಒಂದು ಹನಿ ಸೋರ್ತಿತ್ತು. ಹಳೇ ಮೆಷಿನ್‌ದು ಒಳ್ಳೇ ಉಕ್ಕಿನ ನಟ್ಟು ತೆಗೆದಿಟ್ಟಿದ್ದೆ, ಅದನ್ನೇ ಹಾಕಿ ಸ್ಪಾನರ್‌ನಲ್ಲಿ ಬಿಗಿದೆ. ಆಮೇಲೆ ಒಂದು ಹನಿ ಸೋರಿಲ್ಲ. ಅದರ ಮೇಲೆ ಸಂಶಯ ಪಡೋ ಹಾಗೇ ಇಲ್ಲ.”

ಆಗ ಮಾತಾಡಿದ್ದು ಡ್ರೈವರ್, ನೆಲ ನೋಡುತ್ತ.

“ಸಾರ್, ಬೇಜಾರು ಮಾಡ್ಕೋಬೇಡಿ. ಆ ಗೇಟನ್ನ ಇಪ್ಪತ್ತೆರಡು ವರ್ಷ ನಾನೂ ನನ್ನ ಕೈಯಾರೆ ದಾಟಿಸಿದ್ದು. ಕಣ್ಣು ಮುಚ್ಕೊಂಡು ದಾಟಿಸ್ತೀನಿ ಅಂತಿದ್ದೆ. ಮೊನ್ನೆ ತಾಗ್ತಲ್ಲ.”

ಪರಿಶುದ್ಧಪ್ಪನವರು ಅವನನ್ನು ಒಮ್ಮೆ ನೋಡಿದರು. ಆಮೇಲೆ ಸ್ಪಾನರ್ ಎತ್ತಿಕೊಂಡರು. ಕೊಳವೆಯನ್ನು ಅವರೇ ಜೋಡಿಸಿದರು. ನಾನು ದೀಪ ಹಿಡಿದೆ.

ಗಟ್ಟಿ ದ್ರಾವಣ ಓಡಿತು. ಅದರ ಗುಡ್ಡ ಎಂದಿನಂತೆ ಎದ್ದು ಇಳಿಯಿತು, ಇಳಿಯುವಾಗ ಮಾತ್ರ ಬಾಲ ಸ್ವಲ್ಪ ಉದ್ದವಾಗಿತ್ತು. ಆಮೇಲೆ ನೀರು. ಒಂದು ನಿಮಿಷ. ಎರಡು. ಮೂರು. ಅಧಿಕಾರಿ ಎದ್ದು ನಿಂತಿದ್ದರು, ಕಡತ ಕಂಕುಳಲ್ಲಿ. ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಸರಿಯಾಗಿ, ಯಾವ ಮಾತ್ರೆಯನ್ನೂ ನುಂಗದ, ಯಾವ ಬಸ್ಸನ್ನೂ ಓಡಿಸದ ಶುದ್ಧ ನೀರಿನೊಳಗಿಂದ ಗುಡ್ಡವೊಂದು ಮೆಲ್ಲಗೆ ತಲೆಯೆತ್ತಿತು.

ಒಂಬತ್ತು ಜನ ವಿಶ್ಲೇಷಕರು, ಕಾರಕೂನರು ಒಂದು ಕೆಟ್ಟ ಫಲಿತಾಂಶಕ್ಕೆ ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಡ್ರೈವರಿನ ಶಾಲು ಕೆಳಗೆ ಬಿದ್ದಿತ್ತು, ಎತ್ತಿಕೊಳ್ಳಲಿಲ್ಲ.

ನಟ್ಟು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆವು. ಹಳೆಯ ಯಂತ್ರದ ಅಳತೆಗೆ ಕೂತಿದ್ದ ನಟ್ಟು ಹೊಸ ಯಂತ್ರದಲ್ಲಿ ಕೊಳವೆಯ ತುದಿಯನ್ನು ತಳ ಮುಟ್ಟಲು ಬಿಟ್ಟಿರಲಿಲ್ಲ. ನಡುವೆ ಎಳ್ಳುಕಾಳಿಗಿಂತ ಚಿಕ್ಕದೊಂದು ಪೊಳ್ಳು. ಗಟ್ಟಿ ದ್ರಾವಣ ಅಲ್ಲಿ ಅಡಗಿ ಕೂತು, ಹಿಂದೆ ಬಂದವರ ಜೊತೆಯಲ್ಲೆಲ್ಲ ಚೂರುಚೂರೇ ಹೊರಟುಬರುತ್ತಿತ್ತು. ಮೊದಲು ಬಂದ ಪರಿಶುದ್ಧಪ್ಪನವರಿಗೆ ಹೆಚ್ಚು, ಆಮೇಲೆ ಬಂದ ಡ್ರೈವರಿಗೆ ಕಡಿಮೆ.

“ಶುಕ್ರವಾರದಿಂದೀಚೆಗೆ ಬೇರೆ ಯಾರ ಮಾದರಿ ನೋಡಿದೀರಿ?” ಮೇಡಂ ಕೇಳಿದರು.

“ಇವರದೊಂದೇ ಮೇಡಂ.”

ಇನ್ನು ಉಳಿದದ್ದು ನಮೂನೆ ತುಂಬುವುದು. ಅದರಲ್ಲಿ ‘ದೋಷದ ಕಾರಣ’ ಎಂಬುದರ ಎದುರು ಒಂದು ಸಾಲಿನ ಜಾಗ. ಮೇಡಂ ಮತ್ತೆ ಮೃದುವಾದರು.

“ಬಿಡಿಭಾಗದ ಸವಕಳಿ ಅಂತ ಬರೀರಿ. ಎಲ್ರಿಗೂ ಗೌರವ ಉಳಿಯುತ್ತೆ.”

ಅಧಿಕಾರಿ ಅದನ್ನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡಂತೆ ಕಂಡಿತು. “ಸವಕಳಿ ಅಂದ್ರೆ ಯಾವಾಗಿಂದ? ಸೋಮವಾರವೇ ಸವೆದಿತ್ತು ಅಂತ ಯಾರು ಹೇಳೋರು? ವಿಚಾರಣೇಲಿ ಮೊದಲು ಕೇಳೋದೇ ಅದನ್ನ.”

ಪರಿಶುದ್ಧಪ್ಪನವರು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದರು ಎಂದು ಬರೆದರೆ ಚೆಂದವಿರುತ್ತಿತ್ತು. ಆದರೆ ಗಂಟೆ ಎರಡು ಇಪ್ಪತ್ತೈದಾಗಿತ್ತು. ಅವರು ಗುಂಡಗಿನ ಅಕ್ಷರದಲ್ಲಿ ಬರೆದರು: ‘ಶುಕ್ರವಾರ ನಾನು ಹೊಂದದ ನಟ್ಟು ಹಾಕಿ ಬಿಗಿದೆ. ಸೋಮವಾರ ನನ್ನ ಖಾಲಿ ಮಾದರಿಯನ್ನು ನೋಡದೆ ನಿರ್ಮಲ ಎಂದು ಬರೆದೆ.’ ಒಂದು ಸಾಲಿನ ಜಾಗ ಸಾಲದೆ ಎರಡನೇ ವಾಕ್ಯ ಅಂಚಿನಲ್ಲಿ ಮೇಲಕ್ಕೆ ಹತ್ತಿತು. ಅಧಿಕಾರಿ ಓದಿದರು. ಮತ್ತೆ ಓದಿದರು. ಸೋಮವಾರದ ವರದಿಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹರಿದರು.

“ಸಾರ್, ಇದಕ್ಕೆ ನಿಮ್ಮ ಮೇಲೂ ವಿಚಾರಣೆ ಆಗುತ್ತಾ?” ಡ್ರೈವರ್ ಬಾಗಿಲಲ್ಲಿ ನಿಂತು ಕೇಳಿದ.

“ಆಗ್ಬಹುದು.”

“ಆದ್ರೆ ಹೇಳಿ ಕಳ್ಸಿ ಸಾರ್, ಬರ್ತೀನಿ. ಹೊರಗಡೆ ಬೆಂಚಲ್ಲಿ ಒಬ್ರೇ ಕೂತ್ಕೊಳ್ಳೋದು ಬಹಳ ಕಷ್ಟ.”

ಆ ಸಂಜೆ ಮನೆಯಲ್ಲಿ ಪರಿಶುದ್ಧಪ್ಪನವರು ಎಲ್ಲವನ್ನೂ ಮೊದಲಿನಿಂದ ಹೇಳಿದರು. ಹೆಂಡತಿ ಕೇಳಿದರು, ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡರು.

“ಅಯ್ಯೋ, ಮಾತ್ರೆಯೇ ಆಗಿದ್ರೆ ಚೆನ್ನಾಗಿತ್ತಲ್ರೀ! ಕಟ್ಟಡಕ್ಕೆಲ್ಲ ಹೇಳ್ಬಿಟ್ಟಿದೀನಿ. ಮಾತ್ರೆ ಅಂದ್ರೆ ಜನ ಪಾಪ ಅಂತಾರೆ. ನಟ್ಟು ತಪ್ಪಾಗಿ ಬಿಗಿದ್ರು ಅಂದ್ರೆ ನಗ್ತಾರೆ.”

“ನಗ್ಲಿ ಬಿಡು.”

“ಮಾತ್ರೆ ಅಂತಲೇ ಇರ್ಲಿ ಅಳಿಯಂದ್ರೇ,” ಎಂದರು ಮಾವ. “ನಾನು ಕ್ಷಮಿಸಿಯೂ ಆಗಿದೆ.”

“ಮಾತ್ರೆ ಅಂತ ಇದ್ರೆ ಡ್ರೈವರ್‌ನ ಉಳಿಸಿದ ಕಾಗದ ಸುಳ್ಳಾಗುತ್ತೆ ಮಾವ.”

ಹೆಂಡತಿ ಅವರ ಕಡೆ ತಿರುಗಿದರು. “ಆ ಡ್ರೈವರು?”

“ನಾಳೆ ಬೆಳಗ್ಗೆ ಐದೂವರೆಗೆ ಡ್ಯೂಟಿ.”

ಆಕೆ ಎದ್ದು, ಸೆರಗು ಸರಿಮಾಡಿಕೊಂಡು, ಬಾಗಿಲು ದಾಟಿ ಎದುರುಮನೆಯ ಗಂಟೆ ಒತ್ತಿದರು. ಪರಿಶುದ್ಧಪ್ಪನವರು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು ಕಿವಿಗೊಟ್ಟರು.

“ನರ್ಸಮ್ಮಾ, ಮಾತ್ರೆಯಲ್ಲ ಗೀತ್ರೆಯಲ್ಲ ಕಣ್ರೀ. ನಮ್ಮನೆಯವ್ರು ಒಂದು ನಟ್ಟು ಬಿಗಿದ್ರಂತೆ. ಅದೆಷ್ಟು ಬಲವಾಗಿ ಬಿಗಿದ್ರು ಅಂದ್ರೆ, ಅಷ್ಟು ದೊಡ್ಡ ಮೆಷಿನ್ನೇ ಮೂರು ದಿನ ಬಾಯಿಗೆ ಬಂದಂಗೆ ಸುಳ್ಳು ಹೇಳ್ತಂತೆ! ಮತ್ತೆ ಬಾಯಿ ಬಿಡಿಸಿ ನಿಜ ಹೇಳಿಸೋಕೂ ಇವ್ರೇ ಬೇಕಾಯ್ತಂತೆ!”